ಥಾಯ್ ಸಂಗಾತಿಯ ಆಧಾರದ ಮೇಲೆ ಒಂದು ವರ್ಷದ ವಿಸ್ತರಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಥಾಯ್ಲೆಂಡಿನಲ್ಲಿ ಥಾಯ್ ಪ್ರಜೆಯನ್ನು ಮದುವೆಯಾಗಿ ನೆಲೆಸಿರುವ ಕನ್ನಡಿಗರೂ ಅವರ ಮನೆಯವರೂ ವಾಸದ ಅನುಮತಿಯನ್ನು ವರ್ಷಕ್ಕೊಮ್ಮೆ ವಿಸ್ತರಿಸಿಕೊಳ್ಳುವ ಬಗ್ಗೆ ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಬಹಳಷ್ಟು ಜನರ ಅರ್ಜಿ ಕೆಡುವುದು ಅರ್ಹತೆ ಇಲ್ಲದೆ ಅಲ್ಲ, ದಿನಾಂಕದ ಲೆಕ್ಕ ತಪ್ಪಿ. ಆದ್ದರಿಂದ ದಿನಾಂಕದ ಮಾತು ಬಂದ ಕಡೆ ನಿಧಾನವಾಗಿ ಓದಿ. ಇನ್ನೊಂದು ಮಾತು: ನಿಯಮ ಇಡೀ ದೇಶಕ್ಕೆ ಒಂದೇ ಆದರೂ ಪ್ರತಿ ಇಮಿಗ್ರೇಷನ್ ಕಚೇರಿಗೂ ತನ್ನದೇ ರೂಢಿಯಿದೆ. ನಿಮ್ಮ ಕಚೇರಿಯ ಕೌಂಟರಿನಲ್ಲಿ ಕೊಡುವ ಪಟ್ಟಿಯೇ ಕೊನೆಯ ಮಾತು. ಅದನ್ನು ಪ್ರತಿ ವರ್ಷ ಹೊಸದಾಗಿ ಕೇಳಿ ತನ್ನಿ.

## ಮೊದಲ ಹೆಜ್ಜೆ

"ನನ್ನ ಮ್ಯಾರೇಜ್ ವೀಸಾ ರಿನ್ಯೂ ಮಾಡಿಸಬೇಕು. ಎಲ್ಲಿಗೆ ಹೋಗಬೇಕು?"

ಎಲ್ಲರೂ ಹೀಗೇ ಕೇಳುತ್ತಾರೆ, ಆದರೆ ರಿನ್ಯೂ ಆಗುವುದು ವೀಸಾ ಅಲ್ಲ. ವೀಸಾ ಕೊಡುವುದು ಹೊರದೇಶದಲ್ಲಿರುವ ಥಾಯ್ ರಾಯಭಾರ ಕಚೇರಿ. ಒಳಗೆ ಬಂದ ಮೇಲೆ ಇಮಿಗ್ರೇಷನ್ ಕಚೇರಿ ಕೊಡುವುದು ವಾಸದ ಅನುಮತಿಯ ವಿಸ್ತರಣೆ, ಅಂದರೆ ಎಕ್ಸ್‌ಟೆನ್ಷನ್ ಆಫ್ ಸ್ಟೇ. ಪಾಸ್‌ಪೋರ್ಟಿನ ವೀಸಾ ಪುಟದಲ್ಲಿರುವ ತಾರೀಖು ಮುಗಿದಿದ್ದರೂ ಚಿಂತೆಯಿಲ್ಲ. ನೀವು ನೋಡಬೇಕಾದ್ದು ಕೊನೆಯ ಮೊಹರಿನಲ್ಲಿ ಎಲ್ಲಿಯವರೆಗೆ ಇರಬಹುದು ಎಂದು ಬರೆದಿರುವ ದಿನ. ವೀಸಾ ತಾರೀಖು ನೋಡಿ ಗಾಬರಿಯಾದವರೂ ಇದ್ದಾರೆ, ಮೊಹರು ನೋಡದೆ ದಿನ ಮೀರಿಸಿಕೊಂಡವರೂ ಇದ್ದಾರೆ.

ಅರ್ಜಿ ಹಾಕಬೇಕಾದ್ದು ನೀವು ವಾಸವಿರುವ ಪ್ರಾಂತ್ಯದ ಕಚೇರಿಯಲ್ಲೇ. ಬ್ಯಾಂಕಾಕಿನವರಿಗೆ ಚೇಂಗ್ ವತ್ತನದ ಸರ್ಕಾರಿ ಸಂಕೀರ್ಣ, ಪಟ್ಟಾಯದವರಿಗೆ ಜೋಮ್ಟಿಯೆನ್. ಪಕ್ಕದ ಪ್ರಾಂತ್ಯದ ಕಚೇರಿಯಲ್ಲಿ ಜನ ಕಡಿಮೆ ಎಂದು ಅಲ್ಲಿಗೆ ಹೋದರೆ ವಾಪಸ್ ಕಳಿಸುತ್ತಾರೆ. ಅರ್ಜಿ ನಮೂನೆ ಟಿಎಂ 7, ಶುಲ್ಕ 1,900 ಬಾತ್. ಅರ್ಜಿ ಬಿದ್ದುಹೋದರೂ ಈ ಹಣ ವಾಪಸ್ ಬರುವುದಿಲ್ಲ.

"ಟೂರಿಸ್ಟ್ ಆಗಿ ಬಂದಿದ್ದೇನೆ. ಇಲ್ಲೇ ಬದಲಾಯಿಸಬಹುದೇ, ಊರಿಗೆ ಹೋಗಿ ಬರಬೇಕೇ?"

ಒಂದು ವರ್ಷದ ವಿಸ್ತರಣೆಗೆ ಮೊದಲು ನಾನ್-ಇಮಿಗ್ರಂಟ್ 'ಓ' ಎಂಬ ವೀಸಾದ ಬುನಾದಿ ಬೇಕು. ಅದಕ್ಕೆ ಎರಡು ದಾರಿ. ಮೊದಲನೆಯದು ಭಾರತದಿಂದಲೇ ಥಾಯ್ ಇ-ವೀಸಾ ತಾಣದಲ್ಲಿ ಅರ್ಜಿ ಹಾಕುವುದು. 2025ರ ಜನವರಿ 1ರಿಂದ ಭಾರತದಲ್ಲೂ ಇದು ಆನ್‌ಲೈನ್ ಆಗಿದೆ. ಎರಡನೆಯದು ಇಲ್ಲೇ ಬದಲಾಯಿಸಿಕೊಳ್ಳುವುದು: ಟೂರಿಸ್ಟ್ ವೀಸಾದಲ್ಲಿ ಬಂದಿದ್ದರೆ ಟಿಎಂ 86, ವೀಸಾ ಇಲ್ಲದೆ ವಿನಾಯಿತಿಯಲ್ಲಿ ಬಂದಿದ್ದರೆ ಟಿಎಂ 87, ಶುಲ್ಕ 2,000 ಬಾತ್. ಇರುವ ಅನುಮತಿಯಲ್ಲಿ ಕನಿಷ್ಠ 15 ದಿನ ಬಾಕಿ ಇರಬೇಕು.

ಎರಡೂ ದಾರಿಯಲ್ಲಿ ಸಿಗುವುದು 90 ದಿನ. ಅದರ ಕೊನೆಯ 30 ದಿನಗಳಲ್ಲಿ ವರ್ಷದ ವಿಸ್ತರಣೆಗೆ ಅರ್ಜಿ ಹಾಕಬೇಕು. ನಮ್ಮ ಸಲಹೆ ಮೊದಲನೆಯ ದಾರಿ. ಇಲ್ಲಿ ಬದಲಾಯಿಸಿಕೊಳ್ಳಲು ಥಾಯ್ ಬ್ಯಾಂಕಿನಲ್ಲಿ ಹಣ ತೋರಿಸಬೇಕು, ಟೂರಿಸ್ಟ್ ಮೊಹರು ಹಿಡಿದು ಹೋದವರಿಗೆ ಖಾತೆ ತೆರೆದುಕೊಡಲು ಬ್ಯಾಂಕುಗಳು ಹಿಂದೇಟು ಹಾಕುತ್ತವೆ. 'ಓ' ವೀಸಾ ಕೈಯಲ್ಲಿದ್ದರೆ ಆ ಬಾಗಿಲು ಬೇಗ ತೆರೆಯುತ್ತದೆ.

"ನಮ್ಮ ಮದುವೆ ಊರಲ್ಲೇ ಆಗಿದೆ. ಇಲ್ಲಿ ಮತ್ತೆ ಮದುವೆಯಾಗಬೇಕೇ?"

ಬೇಡ. ಆದರೆ ಆ ಮದುವೆಯನ್ನು ಥಾಯ್ ದಾಖಲೆಗೆ ಸೇರಿಸಬೇಕು. ಕಲ್ಯಾಣ ಮಂಟಪದ ಫೋಟೊ, ಲಗ್ನಪತ್ರಿಕೆ ಇಲ್ಲಿ ನಡೆಯುವುದಿಲ್ಲ, ಉಪನೋಂದಣಾಧಿಕಾರಿ ಕೊಟ್ಟ ವಿವಾಹ ಪ್ರಮಾಣಪತ್ರವೇ ಬೇಕು. ಅದಕ್ಕೆ ಭಾರತದ ವಿದೇಶಾಂಗ ಸಚಿವಾಲಯದ ದೃಢೀಕರಣ, ಥಾಯ್ ರಾಯಭಾರ ಅಥವಾ ಕಾನ್ಸುಲೇಟ್ ಕಚೇರಿಯ ಮೊಹರು, ಥಾಯ್ ಭಾಷೆಗೆ ಅನುವಾದ, ಆ ಅನುವಾದಕ್ಕೆ ಥಾಯ್ ವಿದೇಶಾಂಗ ಸಚಿವಾಲಯದ ಮೊಹರು, ಹೀಗೆ ಸಾಲಾಗಿ ಮಾಡಿಸಿಕೊಂಡು 'ಅಂಫೋ'ಗೆ, ಅಂದರೆ ತಾಲ್ಲೂಕು ಕಚೇರಿಯಂಥ ಸ್ಥಳೀಯ ಆಡಳಿತ ಕಚೇರಿಗೆ ಹೋಗಬೇಕು. ಅಲ್ಲಿ 'ಖೋ ರೋ 22' ಎಂಬ ದಾಖಲೆ ಕೊಡುತ್ತಾರೆ. ಇಮಿಗ್ರೇಷನ್‌ಗೆ ಬೇಕಾದ್ದು ಅದು.

ಥಾಯ್ಲೆಂಡಿನಲ್ಲೇ ಮದುವೆ ನೋಂದಾಯಿಸಿದರೆ ಬ್ಯಾಂಕಾಕಿನ ಭಾರತೀಯ ರಾಯಭಾರ ಕಚೇರಿಯಿಂದ ಅವಿವಾಹಿತ ಸ್ಥಿತಿಯ ಪತ್ರ, ಅದರ ಥಾಯ್ ಅನುವಾದ, ವಿದೇಶಾಂಗ ಸಚಿವಾಲಯದ ಮೊಹರು ಬೇಕು. ನೋಂದಣಿಯಾದ ಮೇಲೆ ಖೋ ರೋ 3 (ಪ್ರಮಾಣಪತ್ರ) ಮತ್ತು ಖೋ ರೋ 2 (ನೋಂದಣಿ ಪುಸ್ತಕದ ಪ್ರತಿ) ಸಿಗುತ್ತವೆ. ಎರಡನ್ನೂ ಜೋಪಾನವಾಗಿಡಿ.

## ಹಣದ ವಿಷಯ

"4 ಲಕ್ಷ ಬಾತ್ ಎಷ್ಟು ದಿನ ಇರಬೇಕು? ಯಾವ ದಿನದಿಂದ ಲೆಕ್ಕ?"

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಥಾಯ್ ಹೆಂಡತಿಯ ಆಧಾರದಲ್ಲಿ ವಿಸ್ತರಣೆ ಕೇಳುವ ಗಂಡ ತನ್ನ ಬಳಿ ಹಣವಿದೆ ಎಂದು ತೋರಿಸಬೇಕು. ಡೆಪಾಸಿಟ್ ತೋರಿಸುವವರಿಗೆ ನಿಯಮ ಇಷ್ಟು: ಅರ್ಜಿ ಕೊಡುವ ದಿನಕ್ಕೆ ಮುಂಚಿನ ಪೂರ್ತಿ 2 ತಿಂಗಳು, ನಿಮ್ಮೊಬ್ಬರ ಹೆಸರಿನಲ್ಲಿರುವ ಥಾಯ್ ಬ್ಯಾಂಕ್ ಖಾತೆಯಲ್ಲಿ 4 ಲಕ್ಷ ಬಾತ್‌ಗಿಂತ ಒಂದು ಬಾತ್ ಕೂಡ ಕಡಿಮೆಯಾಗದೆ ಹಣ ಇರಬೇಕು. ಲೆಕ್ಕ ಶುರುವಾಗುವುದು ಹಣ ಖಾತೆಗೆ ಬಿದ್ದ ದಿನದಿಂದ, ನೀವು ಊರಿಂದ ಕಳಿಸಿದ ದಿನದಿಂದ ಅಲ್ಲ.

ಉದಾಹರಣೆಗೆ, ನಿಮ್ಮ ಅನುಮತಿ ಜೂನ್ 20ಕ್ಕೆ ಮುಗಿಯುತ್ತದೆ ಎನ್ನಿ. ಮೇ 21ರಿಂದ ಅರ್ಜಿ ಹಾಕಬಹುದು. ಜೂನ್ 1ಕ್ಕೆ ಹೋಗಬೇಕೆಂದಿದ್ದರೆ ಏಪ್ರಿಲ್ 1ಕ್ಕೆ ಮೊದಲೇ ಹಣ ಇರಬೇಕು. ಮಾರ್ಚ್ 20ರೊಳಗೆ ಹಾಕಿಬಿಡಿ, ಏಪ್ರಿಲ್ 13ರಿಂದ 15ರ ಸೋಂಕ್ರಾನ್ ಹಬ್ಬದ ರಜೆ, ಬ್ಯಾಂಕ್ ರಜೆ, ಹಣ ದಾರಿಯಲ್ಲಿ ತಡವಾಗುವುದು ಯಾವುದೂ ಆಮೇಲೆ ನಿಮ್ಮನ್ನು ಕಾಡುವುದಿಲ್ಲ.

ಸರಿಯಾಗಿ 4,00,000 ಇಟ್ಟು ನೆಮ್ಮದಿಯಾಗಿ ಕೂರಬೇಡಿ. ಎಟಿಎಂ ಕಾರ್ಡಿನ ವಾರ್ಷಿಕ ಶುಲ್ಕ ಎಂದು ಬ್ಯಾಂಕ್ ಒಂದು ದಿನ ಇನ್ನೂರು, ಮುನ್ನೂರು ಬಾತ್ ಮುರಿದುಕೊಳ್ಳುತ್ತದೆ. ಪಾಸ್‌ಬುಕ್ಕಿನಲ್ಲಿ 3,99,750 ಎಂಬ ಒಂದು ಸಾಲು ಮೂಡುತ್ತದೆ, ಆ ಸಾಲಿನಿಂದ 2 ತಿಂಗಳ ಲೆಕ್ಕ ಮತ್ತೆ ಮೊದಲಿನಿಂದ. ಇದಕ್ಕಾಗಿಯೇ ಬೇರೆ ಖಾತೆ ತೆರೆದು, ಅದಕ್ಕೆ ಕಾರ್ಡ್ ತೆಗೆದುಕೊಳ್ಳದೆ, 4 ಲಕ್ಷದ 10 ಸಾವಿರ ಹಾಕಿ ಮರೆತುಬಿಡುವುದು ಒಳ್ಳೆಯದು. ಹೆಂಡತಿಯೊಂದಿಗಿನ ಜಂಟಿ ಖಾತೆ ಬೇಡ.

"ಪಾಸ್‌ಬುಕ್ ತೋರಿಸಿದರೂ ಒಪ್ಪಲಿಲ್ಲ. ಹಣ ಇತ್ತಲ್ಲ, ತಪ್ಪೇನು?"

ಬಹುಶಃ ಪುಸ್ತಕವನ್ನು ತಿಂಗಳುಗಟ್ಟಲೆ ಯಂತ್ರಕ್ಕೆ ಹಾಕಿರಲಿಕ್ಕಿಲ್ಲ. ಹಾಗೆ ಬಿಟ್ಟರೆ ಯಂತ್ರ ಹಳೆಯ ವ್ಯವಹಾರಗಳನ್ನೆಲ್ಲ ಒಂದೇ ಸಾಲಿಗೆ ಒಟ್ಟುಗೂಡಿಸಿ ಮುದ್ರಿಸುತ್ತದೆ. ನಡುವೆ ಬಾಕಿ ಎಷ್ಟಕ್ಕೆ ಇಳಿದಿತ್ತು ಎಂಬುದು ಅಧಿಕಾರಿಗೆ ಕಾಣುವುದಿಲ್ಲ. ಆಗ ಬ್ಯಾಂಕಿನಿಂದ ಮೊಹರು ಹಾಕಿದ ಸ್ಟೇಟ್‌ಮೆಂಟ್ ಬೇಕು, ಕೆಲವು ಬ್ಯಾಂಕುಗಳಲ್ಲಿ ಅದಕ್ಕೆ ಕೆಲವು ದಿನ ಹಿಡಿಯುತ್ತದೆ. ತಿಂಗಳಿಗೊಮ್ಮೆ ಪುಸ್ತಕ ಅಪ್‌ಡೇಟ್ ಮಾಡಿಸಿ.

ಅರ್ಜಿ ಕೊಡುವ ದಿನ ಬೆಳಿಗ್ಗೆ ಮೊದಲ ಕೆಲಸ ಬ್ಯಾಂಕಿನದು. ಮಾಲ್‌ಗಳಲ್ಲಿರುವ ಶಾಖೆಗಳು ತಡವಾಗಿ ತೆರೆಯುತ್ತವೆ, ರಸ್ತೆ ಬದಿಯ ಶಾಖೆಗೆ ಹೋಗಿ. ಯಂತ್ರದಲ್ಲಿ 100 ಬಾತ್ ಜಮಾ ಮಾಡಿ ಪುಸ್ತಕ ಅಪ್‌ಡೇಟ್ ಮಾಡಿಸಿ, ಆ ದಿನದ ತಾರೀಖಿನ ಸಾಲು ಮೂಡಬೇಕು. ಜತೆಗೆ ಅದೇ ದಿನದ ಬ್ಯಾಂಕ್ ಪತ್ರ ಪಡೆಯಿರಿ. ಪತ್ರದಲ್ಲಿರುವ ಮೊತ್ತಕ್ಕೂ ಪುಸ್ತಕದ ಕೊನೆಯ ಸಾಲಿಗೂ ತಾಳೆಯಾಗಬೇಕು, ಆದ್ದರಿಂದ ಮೊದಲು ಜಮಾ, ಆಮೇಲೆ ಪತ್ರ. ಕ್ರಮ ತಿರುಗಿದರೆ 100 ಬಾತ್‌ನ ವ್ಯತ್ಯಾಸಕ್ಕೆ ಮತ್ತೆ ಬ್ಯಾಂಕಿಗೆ ಓಡಬೇಕಾಗುತ್ತದೆ. ಹೆಸರಿರುವ ಮೊದಲ ಪುಟದಿಂದ ಹಿಡಿದು ಎಲ್ಲ ಪುಟಗಳ ಜೆರಾಕ್ಸ್ ತೆಗೆಸಿ ಸಹಿ ಹಾಕಿ.

"ತಿಂಗಳಿಗೆ 40 ಸಾವಿರ ಆದಾಯ ಇದ್ದರೆ ಡೆಪಾಸಿಟ್ ಬೇಡವಲ್ಲವೇ?"

ಬೇಡ, ಆದರೆ ಆದಾಯವನ್ನು ಸಾಬೀತುಪಡಿಸುವುದು ಡೆಪಾಸಿಟ್‌ಗಿಂತ ಕಷ್ಟ. ಥಾಯ್ಲೆಂಡಿನಲ್ಲೇ ಸಂಬಳ ಇದ್ದರೆ ಕಂಪನಿಯ ಪತ್ರ, ವರ್ಕ್ ಪರ್ಮಿಟ್, ಇತ್ತೀಚಿನ ತಿಂಗಳುಗಳ ಪಿಎನ್‌ಡಿ 1 ಮತ್ತು ಕಳೆದ ವರ್ಷದ ಪಿಎನ್‌ಡಿ 91 ಎಂಬ ತೆರಿಗೆ ದಾಖಲೆಗಳನ್ನು ರಸೀದಿ ಸಮೇತ ಕೊಡಬೇಕು. ಹೊರದೇಶದ ಪಿಂಚಣಿ ಅಥವಾ ಆದಾಯವಾದರೆ 12 ತಿಂಗಳು ತಪ್ಪದೆ, ಪ್ರತಿ ತಿಂಗಳೂ ಕನಿಷ್ಠ 40 ಸಾವಿರ ಬಾತ್ ಹೊರದೇಶದಿಂದ ಥಾಯ್ ಖಾತೆಗೆ ಬಂದಿರಬೇಕು. ಒಂದು ತಿಂಗಳು 39 ಸಾವಿರ, ಮುಂದಿನ ತಿಂಗಳು 50 ಸಾವಿರ ಬಂದರೆ ಸರಾಸರಿ ಸರಿಯಿದೆ ಎಂದು ವಾದಿಸಬಹುದು, ಗೆಲ್ಲುವುದು ಕಷ್ಟ. ವಿನಿಮಯ ದರ ಏರಿಳಿಯುವುದರಿಂದ 45 ಸಾವಿರದ ಲೆಕ್ಕದಲ್ಲಿ ಕಳಿಸಿ.

ಕೆಲವು ಹಣ ರವಾನೆ ಆ್ಯಪ್‌ಗಳು ಕೊನೆಯ ಹಂತದಲ್ಲಿ ಥಾಯ್ ಬ್ಯಾಂಕಿನಿಂದ ಥಾಯ್ ಬ್ಯಾಂಕಿಗೆ ಹಣ ಹಾಕುತ್ತವೆ. ಪುಸ್ತಕದಲ್ಲಿ ಅದು ದೇಶದೊಳಗಿನ ವರ್ಗಾವಣೆಯಂತೆ ಕಾಣುತ್ತದೆ, ಅಧಿಕಾರಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೊದಲ ತಿಂಗಳೇ ಯಾವ ಸಂಕೇತ ಮುದ್ರಣವಾಗಿದೆ ಎಂದು ನೋಡಿಕೊಳ್ಳಿ. ಬ್ಯಾಂಕಾಕ್ ಬ್ಯಾಂಕಿನ ಪುಸ್ತಕದಲ್ಲಾದರೆ ಹೊರದೇಶದ ಹಣಕ್ಕೆ 'ಎಫ್‌ಟಿಟಿ' ಎಂದು ಬರುತ್ತದೆ.

ಅರ್ಧ ಡೆಪಾಸಿಟ್, ಅರ್ಧ ಆದಾಯ ಎಂದು ಕೂಡಿಸಿ ತೋರಿಸುವ ಸೌಲಭ್ಯ 50 ತುಂಬಿದವರ ನಿವೃತ್ತಿ ವಿಸ್ತರಣೆಗೆ ಮಾತ್ರ, ಮದುವೆಯದಕ್ಕೆ ಇಲ್ಲ.

"ಊರಿಂದ ಹಣ ತರಿಸುವುದು ಹೇಗೆ? ತೆರಿಗೆ ಬೀಳುತ್ತದೆಯೇ?"

ನೀವು ಥಾಯ್ಲೆಂಡಿನಲ್ಲಿ ನೆಲೆಸಿದ್ದರೆ ಭಾರತದ ಕಾನೂನಿನ ಲೆಕ್ಕದಲ್ಲಿ ಅನಿವಾಸಿ. ಹಳೆಯ ಉಳಿತಾಯ ಖಾತೆಯನ್ನು ಹಾಗೆಯೇ ಬಿಟ್ಟುಕೊಂಡು ಅದರಿಂದ ಹಣ ಕಳಿಸುವುದು ಸರಿಯಲ್ಲ, ಅದನ್ನು ಅನಿವಾಸಿಗಳಿಗೆಂದು ಇರುವ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಎನ್‌ಆರ್‌ಒದಿಂದ ಹಣಕಾಸು ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಕಳಿಸಬಹುದು, ಅದಕ್ಕೆ ತೆರಿಗೆಯ ಘೋಷಣೆ ಪತ್ರವನ್ನೂ ಲೆಕ್ಕಪರಿಶೋಧಕರ ಪ್ರಮಾಣಪತ್ರವನ್ನೂ (15ಸಿಎ, 15ಸಿಬಿ ಎಂದು ಪರಿಚಿತವಾದವು) ಬ್ಯಾಂಕ್ ಕೇಳುತ್ತದೆ. ಚಾರ್ಟರ್ಡ್ ಅಕೌಂಟೆಂಟ್ ಕಚೇರಿಯಲ್ಲಿ ಒಂದೆರಡು ವಾರ ಹೋಗುತ್ತದೆ ಎಂದೇ ಇಟ್ಟುಕೊಂಡು ಮೇಲಿನ ದಿನಾಂಕದ ಲೆಕ್ಕ ಹಾಕಿ.

ಭಾರತದಲ್ಲಿರುವ ತಂದೆ ತಾಯಿ ಕಳಿಸುವುದಾದರೆ ನಿವಾಸಿಗಳು ಹೊರದೇಶಕ್ಕೆ ಹಣ ಕಳಿಸಲು ಇರುವ ಎಲ್‌ಆರ್‌ಎಸ್ ಯೋಜನೆಯ ಅಡಿ ವರ್ಷಕ್ಕೆ ತಲಾ 2.5 ಲಕ್ಷ ಡಾಲರ್‌ವರೆಗೆ ಆಗುತ್ತದೆ. 2025ರ ಏಪ್ರಿಲ್ 1ರಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಭಾಗಕ್ಕಷ್ಟೇ ಟಿಸಿಎಸ್ ಎಂಬ ಮುಂಗಡ ತೆರಿಗೆಯ ಕಡಿತ. 4 ಲಕ್ಷ ಬಾತ್ ಆ ಗೆರೆಯ ಆಸುಪಾಸಿನಲ್ಲೇ ಬರುತ್ತದೆ, ಮಾರ್ಚ್ ಕೊನೆಗೆ ಅರ್ಧ, ಏಪ್ರಿಲ್ ಮೊದಲಿಗೆ ಅರ್ಧ ಕಳಿಸಿದರೆ ಎರಡು ವರ್ಷಕ್ಕೆ ಹಂಚಿಹೋಗುತ್ತದೆ. ಆದರೆ 2 ತಿಂಗಳ ಲೆಕ್ಕ ಎರಡನೆಯ ಕಂತು ಬಿದ್ದ ದಿನದಿಂದ ಎಂಬುದು ನೆನಪಿರಲಿ. ಕಡಿತವಾದ ಟಿಸಿಎಸ್ ಅನ್ನು ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು.

ಥಾಯ್ ಕಡೆ: ವರ್ಷದಲ್ಲಿ 180 ದಿನ ಅಥವಾ ಹೆಚ್ಚು ಇಲ್ಲಿ ಇದ್ದವರು ಹೊರದೇಶದಲ್ಲಿ 2024ರ ಜನವರಿ 1ರಿಂದ ಈಚೆಗೆ ಗಳಿಸಿದ್ದನ್ನು ತಂದರೆ ಅದು ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಅದಕ್ಕೂ ಹಿಂದಿನ ಉಳಿತಾಯಕ್ಕೆ ಇಲ್ಲ. 2023ರ ಡಿಸೆಂಬರ್ 31ರ ಬಾಕಿ ತೋರಿಸುವ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದಿಟ್ಟುಕೊಳ್ಳಿ. ಭಾರತ ಮತ್ತು ಥಾಯ್ಲೆಂಡ್ ನಡುವೆ ದುಪ್ಪಟ್ಟು ತೆರಿಗೆ ತಪ್ಪಿಸುವ ಒಪ್ಪಂದವೂ ಇದೆ.

"ಗಂಡ ಥಾಯ್, ನಾನು ಮೈಸೂರಿನವಳು. ನಾನೂ 4 ಲಕ್ಷ ಇಡಬೇಕಾ?"

ಇಲ್ಲ. ಹಣದ ಷರತ್ತನ್ನು ನಿಯಮ ಹೊರಿಸಿರುವುದು ವಿದೇಶಿ ಗಂಡನ ಮೇಲೆ. ಥಾಯ್ ಗಂಡನ ವಿದೇಶಿ ಹೆಂಡತಿಗೆ ಅದು ಅನ್ವಯಿಸುವುದಿಲ್ಲ. ಹಲವು ಕಚೇರಿಗಳು ಗಂಡನ ಉದ್ಯೋಗದ ಪತ್ರ ಅಥವಾ ತೆರಿಗೆ ದಾಖಲೆ ಕೇಳುತ್ತವೆ. ಉಳಿದ ಕಾಗದಗಳೆಲ್ಲ ಒಂದೇ.

"ಏಜೆಂಟ್ ಒಬ್ಬರು 4 ಲಕ್ಷ ನಾವೇ ತೋರಿಸುತ್ತೇವೆ ಅಂತಾರೆ. ಒಪ್ಪಬಹುದೇ?"

ಒಪ್ಪಬೇಡಿ. ಕಾಗದ ಜೋಡಿಸಿಕೊಡುವ, ಸರದಿಯಲ್ಲಿ ಜತೆಗೆ ಬರುವ ಏಜೆಂಟರ ಸೇವೆ ಪಡೆಯುವುದರಲ್ಲಿ ತಪ್ಪಿಲ್ಲ. ಇಲ್ಲದ ಹಣವನ್ನು ಇದೆಯೆಂದು ತೋರಿಸುವುದು ಸುಳ್ಳು ದಾಖಲೆ, ಸಹಿ ಹಾಕುವವರು ನೀವು, ಮೊಹರು ಬೀಳುವುದು ನಿಮ್ಮ ಪಾಸ್‌ಪೋರ್ಟಿನ ಮೇಲೆ. ಪತ್ತೆಯಾದ ದಿನ ಏಜೆಂಟ್ ಸಿಗುವುದಿಲ್ಲ, ಗಡೀಪಾರಾಗುವುದು ಮನೆಯ ಯಜಮಾನ. ಹಣಕ್ಕೆ 2 ತಿಂಗಳು ತುಂಬಿಲ್ಲವೆಂಬುದೇ ತೊಂದರೆಯಾದರೆ ನೇರ ದಾರಿ ಇದೆ: ಥಾಯ್ ಸಂಗಾತಿಯ ಭೇಟಿಗೆಂದು ಕೊಡುವ 60 ದಿನಗಳ ವಿಸ್ತರಣೆ. ಅದಕ್ಕೂ ಶುಲ್ಕ 1,900 ಬಾತ್. ಆ 60 ದಿನದಲ್ಲಿ ಹಣಕ್ಕೆ ಬೇಕಾದ ಅವಧಿ ತುಂಬುತ್ತದೆ.

## ಕಾಗದಪತ್ರ

"ಒಂದೇ ಸಲಕ್ಕೆ ಕೆಲಸ ಆಗಬೇಕು. ಏನೇನು ಒಯ್ಯಲಿ?"

ಎಲ್ಲ ಕಾಗದದ ಎರಡು ಸೆಟ್ ಮಾಡಿ, ಮೂಲ ಪ್ರತಿ ಬೇರೆ ಕಡತದಲ್ಲಿ. ನಿಮ್ಮ ಕಾಗದದ ಜೆರಾಕ್ಸ್‌ಗೆ ನಿಮ್ಮ ಸಹಿ, ಸಂಗಾತಿಯ ಕಾಗದಕ್ಕೆ ಸಂಗಾತಿಯ ಸಹಿ, ನೀಲಿ ಶಾಯಿಯಲ್ಲಿ.

- ಟಿಎಂ 7 ನಮೂನೆ, 4x6 ಸೆಂ.ಮೀ. ಫೋಟೊ, 1,900 ಬಾತ್ ನಗದು
- ಪಾಸ್‌ಪೋರ್ಟಿನ ವಿವರ ಪುಟ, 'ಓ' ವೀಸಾ, ಕೊನೆಯ ಪ್ರವೇಶದ ಮೊಹರು, ಹಿಂದಿನ ವಿಸ್ತರಣೆಗಳು
- ಖೋ ರೋ 3 ಮತ್ತು ಖೋ ರೋ 2, ಅಥವಾ ಖೋ ರೋ 22
- ಸಂಗಾತಿಯ ಗುರುತಿನ ಚೀಟಿ ಮತ್ತು ಥಬಿಯನ್ ಬಾನ್ ಎಂಬ ನೀಲಿ ಮನೆ ಪುಸ್ತಕ, ಮಕ್ಕಳಿದ್ದರೆ ಜನನ ಪ್ರಮಾಣಪತ್ರ
- ಬ್ಯಾಂಕ್ ಪತ್ರ, ಪಾಸ್‌ಬುಕ್, ಬೇಕಿದ್ದರೆ ಸ್ಟೇಟ್‌ಮೆಂಟ್
- ಟಿಎಂ 30 ರಸೀದಿ, ಕೊನೆಯ 90 ದಿನದ ವರದಿಯ ಚೀಟಿ (ಎರಡರ ವಿವರ ಮುಂದೆ ಇದೆ)
- ಮನೆಯ ನಕ್ಷೆ ಮತ್ತು ಫೋಟೊಗಳು

ಇದರಲ್ಲಿ ಜನ ಮರೆಯುವುದು ಖೋ ರೋ 2ರ ಹೊಸ ಪ್ರತಿ. ಮದುವೆ ಈಗಲೂ ಊರ್ಜಿತದಲ್ಲಿದೆ ಎಂದು ತೋರಿಸಲು ಅಂಫೋದಿಂದ ಇತ್ತೀಚೆಗೆ ತೆಗೆಸಿದ ಪ್ರತಿಯನ್ನೇ ಹಲವು ಕಚೇರಿಗಳು ಕೇಳುತ್ತವೆ. ಥಾಯ್ ಕಾಗದಗಳಲ್ಲಿ ವರ್ಷ ಬೌದ್ಧ ಶಕೆಯಲ್ಲಿರುತ್ತದೆ. 2568 ಎಂದರೆ ನಮ್ಮ 2025, 543 ಕಳೆದರೆ ಆಯಿತು.

"ಮನೆಯ ಫೋಟೊ ಎಂಥದ್ದು ಬೇಕು? ಬೆಡ್‌ರೂಮಿನದೂ ಕೇಳ್ತಾರಂತೆ, ನಿಜವಾ?"

ನಿಜ. ಮುಜುಗರ ಬೇಡ, ಒಟ್ಟಿಗೆ ಬಾಳುತ್ತಿದ್ದೀರಿ ಎಂಬುದಕ್ಕೆ ಅವರು ನಂಬುವ ಪುರಾವೆ ಅದು. ಮನೆ ನಂಬರ್ ಸ್ಪಷ್ಟವಾಗಿ ಕಾಣುವಂತೆ ಬಾಗಿಲ ಮುಂದೆ ಇಬ್ಬರೂ ನಿಂತದ್ದು, ಹಾಲ್, ಅಡುಗೆಮನೆ, ಮಂಚದ ಅಂಚಿನಲ್ಲಿ ಇಬ್ಬರೂ ಕೂತದ್ದು. ಪ್ರತಿ ಫೋಟೊದಲ್ಲೂ ಇಬ್ಬರ ಮುಖ ಕಾಣಬೇಕು. ಎ4 ಹಾಳೆಯಲ್ಲಿ ಎರಡೆರಡರಂತೆ ಬಣ್ಣದಲ್ಲಿ ಮುದ್ರಿಸಿ, ಕೆಳಗೆ ಇಬ್ಬರೂ ಸಹಿ ಹಾಕಿ. ಕಳೆದ ವರ್ಷದ ಫೋಟೊವನ್ನೇ ಮತ್ತೆ ಕೊಡಬೇಡಿ, ಹಳೆಯ ಕಡತ ಅವರ ಬಳಿಯೇ ಇರುತ್ತದೆ.

ನಕ್ಷೆಯಲ್ಲಿ ದೇವಸ್ಥಾನ, ಶಾಲೆ, ಪೆಟ್ರೋಲ್ ಬಂಕ್ ಇಂಥ ಗುರುತುಗಳನ್ನು ಥಾಯ್‌ನಲ್ಲಿ ಬರೆಯಿಸಿ. ಅಧಿಕಾರಿಗಳು ಆ ನಕ್ಷೆ ಹಿಡಿದು ಮನೆಗೇ ಬರಬಹುದು, ಮೊದಲ ವರ್ಷ ಇದರ ಸಾಧ್ಯತೆ ಹೆಚ್ಚು. ಬಂದವರು ಅಕ್ಕಪಕ್ಕದ ಮನೆಯವರನ್ನೂ ಮಾತಾಡಿಸುತ್ತಾರೆ. ನೆರೆಯವರಿಗೆ ಮುಂಚೆಯೇ ಒಂದು ಮಾತು ಹೇಳಿಡಿ.

"ಹೆಂಡತಿ ಕೆಲಸಕ್ಕೆ ಹೋಗ್ತಾಳೆ. ಅವಳೂ ಬರಲೇಬೇಕಾ?"

ಅರ್ಜಿ ಕೊಡುವ ದಿನ ಬರಲೇಬೇಕು. ಅಧಿಕಾರಿ ಅವರನ್ನೇ ಥಾಯ್‌ನಲ್ಲಿ ಪ್ರಶ್ನಿಸಿ ಹೇಳಿಕೆ ಬರೆದುಕೊಳ್ಳುತ್ತಾರೆ: ಎಲ್ಲಿ ಪರಿಚಯ, ಯಾವಾಗ ಮದುವೆ, ಮನೆ ಯಾರದು, ಗಂಡ ಏನು ಕೆಲಸ ಮಾಡುತ್ತಾನೆ. ಇಡೀ ದಿನದ ರಜೆ ಹಾಕಲು ಹೇಳಿ. ಒಂದು ತಿಂಗಳ ನಂತರ ಮೊಹರು ಹಾಕಿಸಲು ಸಾಮಾನ್ಯವಾಗಿ ನೀವೊಬ್ಬರೇ ಹೋದರೆ ಸಾಕು, ಆದರೂ ಹೊರಡುವ ಮೊದಲು ಕೇಳಿಕೊಳ್ಳಿ. ಈ ಇಡೀ ಪ್ರಕ್ರಿಯೆಯ ಭಾರ ಅರ್ಧಕ್ಕಿಂತ ಹೆಚ್ಚು ಥಾಯ್ ಸಂಗಾತಿಯ ಹೆಗಲ ಮೇಲಿದೆ. ಫಾರಂ ತುಂಬುವುದು, ಅಂಫೋಗೆ ಅಲೆಯುವುದು, ಅಧಿಕಾರಿಗೆ ಉತ್ತರಿಸುವುದು ಅವರೇ. ಹಿಂದಿನ ರಾತ್ರಿ ಕಡತ ಕೊಟ್ಟು ಸಹಿ ಹಾಕು ಎಂದರೆ ಅದು ಅನ್ಯಾಯ.

"ಪಾಸ್‌ಪೋರ್ಟಿನಲ್ಲಿ ನನಗೆ ಸರ್‌ನೇಮ್ ಇಲ್ಲ. ತೊಂದರೆ ಆಗುತ್ತಾ?"

ಇನಿಷಿಯಲ್ ಇಟ್ಟುಕೊಂಡು ಬೆಳೆದ ನಮ್ಮವರಿಗೆ ಇದು ದೊಡ್ಡ ಕಾಟ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು, ಬ್ಯಾಂಕ್ ಪುಸ್ತಕದಲ್ಲಿ ತಂದೆಯ ಹೆಸರು ಸೇರಿಸಿ ಇನ್ನೊಂದು, ಖೋ ರೋ 3ರಲ್ಲಿ ಊರಿನ ಹೆಸರು ಸೇರಿ ಮತ್ತೊಂದು. ಸಾಲದ್ದಕ್ಕೆ ಥಾಯ್ ಲಿಪಿಗೆ ಬರೆಯುವಾಗ ಒಬ್ಬೊಬ್ಬ ಅನುವಾದಕ ಒಂದೊಂದು ಕಾಗುಣಿತ ಹಾಕುತ್ತಾನೆ, ಏಕೆಂದರೆ ನಮ್ಮ ಗ, ಜ ಧ್ವನಿಗಳಿಗೆ ಥಾಯ್‌ನಲ್ಲಿ ನೇರ ಸಾಟಿ ಇಲ್ಲ. 'ಗಣೇಶ' ಒಂದು ಕಡೆ 'ಕನೇತ್', ಇನ್ನೊಂದು ಕಡೆ 'ಖನೇತ್' ಆಗಿಬಿಡಬಹುದು. ಮೊದಲ ದಾಖಲೆಯ ಥಾಯ್ ಕಾಗುಣಿತವನ್ನು ಒಂದು ಚೀಟಿಯಲ್ಲಿ ಬರೆದಿಟ್ಟು, ಮುಂದೆ ಮನೆ ಪುಸ್ತಕ, ಮಗುವಿನ ಜನನ ಪತ್ರ, ವರ್ಕ್ ಪರ್ಮಿಟ್ ಎಲ್ಲ ಕಡೆ ಅದನ್ನೇ ತೋರಿಸಿ ಬರೆಯಿಸಿ. ಈಗಾಗಲೇ ಬೇರೆಬೇರೆ ಆಗಿದ್ದರೆ ಅಂಫೋದಲ್ಲಿ ಒಬ್ಬನೇ ವ್ಯಕ್ತಿ ಎಂಬ ದೃಢೀಕರಣ ಕೇಳಿ.

## ಕಾಯುವ 30 ದಿನ

"ಮೊಹರು ಹಾಕಿದ್ದಾರೆ, ಆದರೆ ಒಂದೇ ತಿಂಗಳಿಗೆ. ರಿಜೆಕ್ಟ್ ಆಯ್ತಾ?"

ಇಲ್ಲ, ಅದು 'ಪರಿಶೀಲನೆಯಲ್ಲಿದೆ' ಎಂಬ ಮೊಹರು. ನಿವೃತ್ತಿ ವಿಸ್ತರಣೆ ಅಂದೇ ಸಿಗುತ್ತದೆ, ಮದುವೆಯದು ಮೇಲಿನ ವಿಭಾಗೀಯ ಕಚೇರಿಗೆ ಹೋಗಿ ಒಪ್ಪಿಗೆ ಪಡೆದು ಬರಬೇಕು. ಮೊಹರಿನಲ್ಲಿರುವ ದಿನದಂದು ತಪ್ಪದೆ ಹೋಗಿ. ಕಡತ ಬಂದಿರದಿದ್ದರೆ ಮತ್ತೊಂದು ದಿನ ಕೊಡುತ್ತಾರೆ. ಅಲ್ಲಿಯವರೆಗೆ ಹಣ ಮುಟ್ಟಬೇಡಿ, ಪಾಸ್‌ಬುಕ್ ಮತ್ತೆ ನೋಡುವ ಕಚೇರಿಗಳಿವೆ. ವರ್ಷದ ಮೊಹರು ಬಿದ್ದ ಮೇಲೆ ಹಣ ತೆಗೆಯಬಹುದು. ನಿವೃತ್ತಿ ವಿಸ್ತರಣೆಯಲ್ಲಿರುವಂತೆ ಆಮೇಲೂ ಇಷ್ಟು ತಿಂಗಳು ಇಡಬೇಕೆಂಬ ಷರತ್ತು ಇದಕ್ಕಿಲ್ಲ.

"ಬೇಗ ಅರ್ಜಿ ಹಾಕಿದರೆ ದಿನ ನಷ್ಟವಾಗುತ್ತಾ?"

ಒಂದು ದಿನವೂ ನಷ್ಟವಿಲ್ಲ. ಹೊಸ ವರ್ಷ ಶುರುವಾಗುವುದು ಹಳೆಯ ಅನುಮತಿ ಮುಗಿದ ದಿನದಿಂದ. ಕೊನೆಯ ದಿನ ಹೋದವರಿಗೆ ಒಂದು ಕಾಗದ ಕಡಿಮೆಯಾದರೂ ತಿದ್ದಿಕೊಳ್ಳಲು ಸಮಯವಿರುವುದಿಲ್ಲ. ಮೂರು ವಾರ ಮೊದಲೇ ಹೋಗಿ. ಕೆಲವು ಕಚೇರಿಗಳು 45 ದಿನ ಮುಂಚೆಯೂ ತೆಗೆದುಕೊಳ್ಳುತ್ತವೆ.

"ಈ ತಿಂಗಳಲ್ಲೇ ಊರಿಗೆ ಹೋಗಬೇಕಾಗಿದೆ. ಹೋಗಬಹುದೇ?"

ಸಾವು ನೋವಿನಂಥ ತುರ್ತು ಇಲ್ಲದಿದ್ದರೆ ಮುಂದೂಡಿ. ಹೋಗಲೇಬೇಕಾದರೆ ಕಡತ ನೋಡುತ್ತಿರುವ ಅಧಿಕಾರಿಗೆ ತಿಳಿಸಿ, ಹೊರಗೆ ಹೋಗಿ ಬಂದರೂ ಅನುಮತಿ ಉಳಿಸುವ ರೀ-ಎಂಟ್ರಿ ಪರ್ಮಿಟ್ ಮಾಡಿಸಿ, ಪರಿಶೀಲನೆಯ ದಿನಕ್ಕೆ ಮೊದಲೇ ವಾಪಸ್ ಬನ್ನಿ. ಆ ಪರ್ಮಿಟ್ ಕೂಡ ಅದೇ ದಿನಕ್ಕೆ ಮುಗಿಯುತ್ತದೆ.

## ಮೊಹರು ಬಿದ್ದ ಮೇಲೆ

"ವರ್ಷದ ಅನುಮತಿ ಇದೆಯಲ್ಲ, ಊರಿಗೆ ಹೋಗಿ ಬರಲು ಮತ್ತೇನು ಬೇಕು?"

ರೀ-ಎಂಟ್ರಿ ಪರ್ಮಿಟ್ ಇಲ್ಲದೆ ದೇಶ ಬಿಟ್ಟರೆ ಆ ಕ್ಷಣಕ್ಕೆ ನಿಮ್ಮ ವಿಸ್ತರಣೆ ಸತ್ತುಹೋಗುತ್ತದೆ. ವಾಪಸ್ ಬಂದಾಗ ಬರೀ ಪ್ರವಾಸಿ, ಎಲ್ಲ ಮೊದಲಿನಿಂದ. ನಮೂನೆ ಟಿಎಂ 8, ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲವಾದರೂ ಹೋಗಿಬರಲು 3,800 ಬಾತ್. ವರ್ಷದ ಮೊಹರು ಬಿದ್ದ ದಿನವೇ ಮಾಡಿಸಿಕೊಂಡು ಬಂದರೆ ಊರಿಂದ ರಾತ್ರೋರಾತ್ರಿ ಕರೆ ಬಂದಾಗ ಪರದಾಡಬೇಕಿಲ್ಲ. ವಾಪಸ್ ಬರುವಾಗ, ಥಾಯ್ಲೆಂಡ್ ತಲುಪುವ ಹಿಂದಿನ 3 ದಿನಗಳೊಳಗೆ ಟಿಡಿಎಸಿ ಎಂಬ ಡಿಜಿಟಲ್ ಆಗಮನ ಚೀಟಿ ತುಂಬಬೇಕು. 2025ರ ಮೇ 1ರಿಂದ ಇದು ದೀರ್ಘಕಾಲ ವಾಸಿಸುವ ವಿದೇಶಿಯರಿಗೂ ಕಡ್ಡಾಯ.

"90 ದಿನದ ವರದಿ ಮತ್ತು ಟಿಎಂ 30 ಎರಡೂ ಒಂದೇ ಅಲ್ಲವೇ?"

ಬೇರೆಬೇರೆ. ಇಲ್ಲಿ ಸತತ 90 ದಿನ ಇದ್ದಾಗಲೆಲ್ಲ ನಿಮ್ಮ ವಿಳಾಸ ತಿಳಿಸುವ 90 ದಿನದ ವರದಿ ನಿಮ್ಮ ಹೊಣೆ. ನಮೂನೆ ಟಿಎಂ 47, ಶುಲ್ಕವಿಲ್ಲ. ಗಡುವಿಗೆ 15 ದಿನ ಮೊದಲಿನಿಂದ 7 ದಿನ ನಂತರದವರೆಗೆ ಕೊಡಬಹುದು, ಆನ್‌ಲೈನಿನಲ್ಲೂ ಆಗುತ್ತದೆ. ತಡವಾಗಿ ತಾವಾಗಿಯೇ ಹೋದರೆ ದಂಡ 2,000 ಬಾತ್. ದೇಶ ಬಿಟ್ಟು ಬಂದರೆ ಲೆಕ್ಕ ಹೊಸದಾಗಿ ಶುರು. ವಿಸ್ತರಣೆಗೆ ಕಚೇರಿಗೆ ಹೋಗಿದ್ದನ್ನು ವರದಿ ಎಂದು ಎಣಿಸುವುದಿಲ್ಲ.

ಟಿಎಂ 30 ಮನೆಯ ಮಾಲೀಕರ ಹೊಣೆ. 1979ರ ಇಮಿಗ್ರೇಷನ್ ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ ವಿದೇಶಿಯೊಬ್ಬರು ತಂಗಿದ 24 ಗಂಟೆಯೊಳಗೆ ತಿಳಿಸಬೇಕು. ಮನೆ ಹೆಂಡತಿಯ ಹೆಸರಿನಲ್ಲಿದ್ದರೆ ಅವರೇ ಸಲ್ಲಿಸಬೇಕು. ಬಾಡಿಗೆ ಮನೆಯಾದರೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಮಾಲೀಕರು ಇದನ್ನು ಮಾಡುತ್ತಾರೆಯೇ ಎಂದು ಕೇಳಿ. ರಸೀದಿ ಇಲ್ಲದಿದ್ದರೆ ವಿಸ್ತರಣೆಯ ಅರ್ಜಿ ಮುಂದಕ್ಕೆ ಹೋಗುವುದಿಲ್ಲ.

"ಪಾಸ್‌ಪೋರ್ಟ್ ಆರು ತಿಂಗಳಲ್ಲಿ ಮುಗಿಯುತ್ತದೆ. ಪೂರ್ತಿ ವರ್ಷ ಕೊಡುತ್ತಾರಾ?"

ಇಲ್ಲ, ಪಾಸ್‌ಪೋರ್ಟ್ ಮುಗಿಯುವ ದಿನದವರೆಗೆ ಮಾತ್ರ, ಶುಲ್ಕ ಅಷ್ಟೇ. ಮೊದಲು ಪಾಸ್‌ಪೋರ್ಟ್ ನವೀಕರಿಸಿ. ಹೊಸದು ಬಂದ ಮೇಲೆ ಹಳೆಯದರ ಮೊಹರುಗಳನ್ನು ಅದೇ ಇಮಿಗ್ರೇಷನ್ ಕಚೇರಿಯಲ್ಲಿ ಹೊಸದಕ್ಕೆ ವರ್ಗಾಯಿಸಿಕೊಂಡು ನಂತರ ಅರ್ಜಿ ಹಾಕಿ. ಬ್ಯಾಂಕಿನಲ್ಲೂ ಪಾಸ್‌ಪೋರ್ಟ್ ಸಂಖ್ಯೆ ಬದಲಿಸಬೇಕು, ಬ್ಯಾಂಕ್ ಪತ್ರದಲ್ಲಿ ಹಳೆಯ ಸಂಖ್ಯೆ ಬಂದರೆ ಒಪ್ಪದಿರಬಹುದು.

## ತೊಡಕಿನ ಪ್ರಶ್ನೆಗಳು

"ನನಗೆ 50 ತುಂಬಿದೆ. ನಿವೃತ್ತಿಯದು ಒಳ್ಳೆಯದೋ ಮದುವೆಯದೋ?"

ದುಡಿಮೆ ಬೇಡ, ಕೈಯಲ್ಲಿ 8 ಲಕ್ಷ ಬಾತ್ ಇದೆ ಎಂದರೆ ನಿವೃತ್ತಿಯದು ಸರಳ: ಮನೆ ಫೋಟೊ, ಹೇಳಿಕೆ, 30 ದಿನದ ಕಾಯುವಿಕೆ ಯಾವುದೂ ಇಲ್ಲ. ಆದರೆ ಹಣ ಅರ್ಜಿಗೆ 2 ತಿಂಗಳು ಮೊದಲು, ಒಪ್ಪಿಗೆಯಾದ ಮೇಲೆ 3 ತಿಂಗಳು ಪೂರ್ತಿ ಇರಬೇಕು, ಉಳಿದ ಕಾಲ 4 ಲಕ್ಷಕ್ಕಿಂತ ಇಳಿಯಬಾರದು. ಅಂದರೆ ಅಷ್ಟು ಹಣ ಸದಾ ಕಟ್ಟಿಹಾಕಿದಂತೆ. ಕೆಲಸ ಮಾಡುವ ಯೋಚನೆಯಿದ್ದರೆ ಮದುವೆಯದೇ ಸರಿ, ಅದರ ಮೇಲೆ ವರ್ಕ್ ಪರ್ಮಿಟ್ ಪಡೆಯಬಹುದು. ನಾನ್-ಬಿ ಎಂಬ ಉದ್ಯೋಗ ವೀಸಾದಲ್ಲಿ ಕೆಲಸ ಹೋದರೆ ವಾಸದ ಅನುಮತಿಯೂ ಹೋಗುತ್ತದೆ, ಇಲ್ಲಿ ಹಾಗಿಲ್ಲ, ಸಂಸಾರ ಇರುವವರಿಗೆ ಇದು ದೊಡ್ಡ ಆಸರೆ.

"ವಿಚ್ಛೇದನವಾದರೆ?"

ಮದುವೆ ಎಂಬ ಆಧಾರವೇ ಹೋದ ಮೇಲೆ ಮೊಹರಿನಲ್ಲಿ ಇನ್ನೂ ತಿಂಗಳುಗಳಿವೆ ಎಂದು ಕೂರುವಂತಿಲ್ಲ. ಅಂಫೋದಲ್ಲಿ ವಿಚ್ಛೇದನ ನೋಂದಾಯಿಸುವ ಮೊದಲೇ ಮುಂದಿನ ಆಧಾರ ಸಿದ್ಧವಿರಬೇಕು: ನಿವೃತ್ತಿ, ಕೆಲಸ, ಅಥವಾ ಥಾಯ್ ಮಗು. ಮಗುವಿನ ಆಧಾರಕ್ಕೂ ತಂದೆ 4 ಲಕ್ಷ ಅಥವಾ 40 ಸಾವಿರದ ಷರತ್ತು ಪೂರೈಸಬೇಕು, ಮಗುವಿನೊಂದಿಗೆ ವಾಸವಿರಬೇಕು. ಮದುವೆಗೆ ಮೊದಲೇ ಹುಟ್ಟಿ, ಆಮೇಲೂ ತಂದೆ ತಾಯಿ ಮದುವೆಯಾಗದಿದ್ದ ಮಗುವಾದರೆ ಜನನ ಪತ್ರದಲ್ಲಿ ತಂದೆಯ ಹೆಸರಿದ್ದಷ್ಟೇ ಸಾಲದು, ಕಾನೂನುಬದ್ಧ ತಂದೆ ಎಂಬ ಮಾನ್ಯತೆ ಬೇಕು.

"ನಾವಿಬ್ಬರೂ ಗಂಡಸರು. ನಮಗೂ ಇದು ಸಿಗುತ್ತಾ?"

2025ರ ಜನವರಿ 23ರಂದು ವಿವಾಹ ಸಮಾನತೆ ಕಾಯ್ದೆ ಜಾರಿಗೆ ಬಂದ ಮೇಲೆ ಅಂಫೋದಲ್ಲಿ ನಿಮ್ಮ ಮದುವೆಯೂ ನೋಂದಣಿಯಾಗುತ್ತದೆ. ಭಾರತದಲ್ಲಿ ಈ ಮದುವೆಗೆ ಮಾನ್ಯತೆ ಇಲ್ಲದಿರುವುದರಿಂದ ಥಾಯ್ಲೆಂಡಿನಲ್ಲೇ ನೋಂದಾಯಿಸಬೇಕು. ಹಣದ ಷರತ್ತನ್ನು ಹೇಗೆ ಅನ್ವಯಿಸುತ್ತಾರೆ ಎಂದು ನಿಮ್ಮ ಕಚೇರಿಯಲ್ಲಿ ಮುಂಚೆಯೇ ವಿಚಾರಿಸಿ, 4 ಲಕ್ಷ ಇಟ್ಟುಕೊಂಡೇ ಹೋಗಿ.

"ಅನುಮತಿ ಮುಗಿದು ಒಂದೆರಡು ದಿನ ಮೀರಿದರೆ ಏನಾಗುತ್ತೆ?"

ದಿನಕ್ಕೆ 500 ಬಾತ್ ದಂಡ, ಗರಿಷ್ಠ 20,000. 90 ದಿನ ಮೀರಿ ತಾವಾಗಿ ಹೊರಟರೆ 1 ವರ್ಷ, 1 ವರ್ಷ ಮೀರಿದ್ದರೆ 3 ವರ್ಷ ಪ್ರವೇಶ ನಿಷೇಧ. ಪೊಲೀಸರ ಕೈಗೆ ಸಿಕ್ಕರೆ ಮೀರಿದ್ದು 1 ವರ್ಷದೊಳಗೇ ಆದರೂ 5 ವರ್ಷ. ದಿನ ಮೀರಿದೆ ಎಂದು ಗೊತ್ತಾದ ಕೂಡಲೇ ಸಂಗಾತಿಯನ್ನು ಕರೆದುಕೊಂಡು ನೇರ ಇಮಿಗ್ರೇಷನ್ ಕಚೇರಿಗೆ ಹೋಗಿ.

"ಪ್ರತಿ ವರ್ಷ ಈ ಅಲೆದಾಟ ತಪ್ಪಿಸಲು ಆಗುವುದಿಲ್ಲವೇ?"

ಕಾಯಂ ವಾಸದ ಅನುಮತಿಗೆ ಅರ್ಜಿ ಹಾಕಬಹುದು. ಅದಕ್ಕೆ ಕನಿಷ್ಠ 3 ವರ್ಷ ನಡುವೆ ಕಡಿಯದೆ ವರ್ಷ ವರ್ಷದ ವಿಸ್ತರಣೆ ಇರಬೇಕು. ರೀ-ಎಂಟ್ರಿ ಮರೆತು ಒಮ್ಮೆ ಹೊರಗೆ ಹೋದರೂ ಆ ಎಣಿಕೆ ಸೊನ್ನೆಗೆ ಬರುತ್ತದೆ. ವರ್ಷಕ್ಕೆ ಒಂದು ದೇಶದವರಿಗೆ 100 ಜನರ ಮಿತಿ. ಅರ್ಜಿ ಶುಲ್ಕ 7,600 ಬಾತ್, ಒಪ್ಪಿಗೆಯಾದರೆ ಥಾಯ್ ಪ್ರಜೆಯ ಸಂಗಾತಿಗೆ 95,700 ಬಾತ್. ಥಾಯ್ ಭಾಷೆಯಲ್ಲಿ ಸಂದರ್ಶನ ಇರುತ್ತದೆ. ಪೌರತ್ವದ ಯೋಚನೆ ಮಾಡುವವರು ಭಾರತ ಎರಡು ಪೌರತ್ವ ಒಪ್ಪುವುದಿಲ್ಲ ಎಂಬುದನ್ನು ಮನೆಯವರೊಂದಿಗೆ ಮೊದಲೇ ಮಾತಾಡಿಕೊಳ್ಳಬೇಕು. ಕಾಯಂ ವಾಸಕ್ಕೆ ಆ ತೊಡಕಿಲ್ಲ, ಭಾರತದ ಪಾಸ್‌ಪೋರ್ಟ್ ಕೈಯಲ್ಲೇ ಉಳಿಯುತ್ತದೆ.